ಹುಡುಗರ ಕೈಗೆ ಸಿಕ್ಕ ಮಷೀನ್ ಗನ್: ಒಂದು ಯುದ್ಧಕಾಲದ ಕಾದಂಬರಿ ಬಗ್ಗೆ ಮನೆಮಂದಿ ಪದೇ ಪದೇ ಕೇಳುವ ಪ್ರಶ್ನೆಗಳು

ರಾಬರ್ಟ್ ವೆಸ್ಟಾಲ್ ಬರೆದ ‘ದಿ ಮಷೀನ್ ಗನ್ನರ್ಸ್’ 1975ರಲ್ಲಿ ಬಂದ ಇಂಗ್ಲಿಷ್ ಮಕ್ಕಳ ಕಾದಂಬರಿ. ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳ ಓದುವ ಗುಂಪಿಗೆ ಇದನ್ನು ಆರಿಸಿದಾಗಿನಿಂದ ಅಪ್ಪ-ಅಮ್ಮಂದಿರು ಲಿಫ್ಟಿನಲ್ಲಿ, ಪಾರ್ಕಿಂಗಿನಲ್ಲಿ, ಫೋನಿನಲ್ಲಿ ಕೇಳಿದ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ಕಥೆಯ ಗುಟ್ಟು ಅಲ್ಲಲ್ಲಿ ಬಿಟ್ಟುಕೊಟ್ಟಿದ್ದೇನೆ, ಕೊನೆಯ ಪುಟವನ್ನು ಮಾತ್ರ ಇಲ್ಲ.

ಕಥೆ ಏನು? ಎರಡು ಮಾತಿನಲ್ಲಿ ಹೇಳಿ.

ಇಂಗ್ಲೆಂಡಿನ ಈಶಾನ್ಯ ಕರಾವಳಿ. 1940–41ರ ಚಳಿಗಾಲ. ಗಾರ್ಮತ್ ಅನ್ನುವ ಊರಿನ ಮೇಲೆ ಜರ್ಮನ್ ವಿಮಾನಗಳು ರಾತ್ರಿ ಹೊತ್ತು ಬಾಂಬ್ ಹಾಕುತ್ತಿವೆ. ಬೆಳಗಾದರೆ ಹುಡುಗರು ಬೀದಿಗಿಳಿದು ಬಾಂಬಿನ ಚೂರು, ಗುಂಡಿನ ಖಾಲಿ ಕೊಳವೆ ಹೆಕ್ಕುತ್ತಾರೆ. ಯಾರ ಹತ್ತಿರ ಜಾಸ್ತಿ ಇದೆ ಅನ್ನುವುದೇ ಪೈಪೋಟಿ. ಚಾಸ್ ಮೆಕ್‌ಗಿಲ್ ಅನ್ನುವ ಹುಡುಗನ ಸಂಗ್ರಹ ಊರಿಗೇ ಎರಡನೆಯದು. ಮೊದಲನೆಯದು ಬಾಡ್ಸರ್ ಬ್ರೌನ್ ಅನ್ನುವ ದಾಂಡಿಗನದು. ಚಾಸ್‌ಗೆ ಅದೇ ಹೊಟ್ಟೆಯುರಿ.

ಒಂದು ದಿನ ಅವನಿಗೆ ಕಾಡಿನಲ್ಲಿ ಕೆಡವಿದ ಹೈಂಕೆಲ್ ಬಾಂಬರ್ ವಿಮಾನದ ಬಾಲ ಸಿಗುತ್ತದೆ. ಅದರಲ್ಲಿ ಸತ್ತ ಗನ್ನರ್ ಇನ್ನೂ ಕೂತೇ ಇದ್ದಾನೆ. ಪಕ್ಕದಲ್ಲೇ ಗುಂಡುಗಳ ಸಮೇತ ಮಷೀನ್ ಗನ್. ಹುಡುಗ ಅದನ್ನು ಕಳಚಿಕೊಂಡು ಬರುತ್ತಾನೆ. ಗೆಳೆಯರನ್ನು ಸೇರಿಸಿಕೊಂಡು ಒಂದು ಹಿತ್ತಲಿನಲ್ಲಿ ಗುಟ್ಟಾಗಿ ಕೋಟೆ ಕಟ್ಟುತ್ತಾನೆ. ಪೊಲೀಸರು ಗನ್ ಹುಡುಕುತ್ತಾರೆ, ಮೇಷ್ಟ್ರು ಹುಡುಕುತ್ತಾರೆ, ಬಾಡ್ಸರ್ ಹುಡುಕುತ್ತಾನೆ. ಈ ಮಧ್ಯೆ ಪ್ಯಾರಾಚೂಟಿನಿಂದ ಇಳಿದ ಜರ್ಮನ್ ಸೈನಿಕನೊಬ್ಬ ಮಕ್ಕಳ ಕೋಟೆಗೇ ಬಂದು ಬೀಳುತ್ತಾನೆ.

ಯುದ್ಧ, ಹೆಣ, ಬಾಂಬು... ಇದರಲ್ಲಿ ತಮಾಷೆ ಎಲ್ಲಿ ಬಂತು?

ಎಲ್ಲರಿಗಿಂತ ಮೊದಲು ಅಜ್ಜಂದಿರು ಕೇಳುವ ಪ್ರಶ್ನೆ ಇದು. ನ್ಯಾಯವಾದದ್ದೇ.

ಆ ಕಾಲದ ಒಂದು ವಿಷಯ ಗೊತ್ತಿದ್ದರೆ ತಮಾಷೆ ಬೇಗ ಅರ್ಥವಾಗುತ್ತದೆ. 1940ರ ಮೇ ತಿಂಗಳಲ್ಲಿ ಬ್ರಿಟನ್ ಸರ್ಕಾರ ಸೈನ್ಯಕ್ಕೆ ಸೇರಲಾಗದ ಗಂಡಸರನ್ನು ಒಟ್ಟುಮಾಡಿ ಊರು ಕಾಯುವ ಪಡೆ ಶುರುಮಾಡಿತು. ಜುಲೈ ಹೊತ್ತಿಗೆ ಅದಕ್ಕೆ ಹೋಂ ಗಾರ್ಡ್ ಅಂತ ಹೆಸರಿಟ್ಟರು. ಹತ್ತು ಲಕ್ಷಕ್ಕೂ ಹೆಚ್ಚು ಜನ ಹೆಸರು ಕೊಟ್ಟರು. ಆದರೆ ಅವರಿಗೆ ಕೊಡಲು ಬಂದೂಕೇ ಇರಲಿಲ್ಲ. ಮೊದಮೊದಲು ಎಷ್ಟೋ ಕಡೆ ಪೊರಕೆ ಕೋಲು ಹಿಡಿದು ಕವಾಯತು ಮಾಡಿದರು. ಹಿಟ್ಲರ್ ಬರುತ್ತಾನೆ ಅಂತ ಪೊರಕೆ ಕೋಲು ಹಿಡಿದು ನಿಂತ ಊರಿನಲ್ಲಿ, ನಿಜವಾದ ಮಷೀನ್ ಗನ್ ಇರುವುದು ಹೈಸ್ಕೂಲಿನ ಹುಡುಗರ ಹತ್ತಿರ! ಕಾದಂಬರಿ ನಡೆಯುವುದೇ ಈ ಜೋಕಿನ ಮೇಲೆ. ಅದನ್ನು ಲೇಖಕ ಎಲ್ಲೂ ಬಿಡಿಸಿ ಹೇಳುವುದಿಲ್ಲ.

ಇನ್ನೊಂದು ಥರದ ತಮಾಷೆ ಮಾತಿನದು. ಈ ಹುಡುಗರು ಒಬ್ಬರನ್ನೊಬ್ಬರು ಕಿಚಾಯಿಸದೆ ಒಂದು ಪುಟವೂ ಮುಂದೆ ಹೋಗಲ್ಲ. ಸ್ಮಶಾನ ನೋಡಿಕೊಳ್ಳುವವರ ಮಗನಿಗೆ ‘ಸೆಮೆಟರಿ’ ಅಂತಲೇ ಅಡ್ಡಹೆಸರು, ಕರೆಯುವಾಗ ಬರೀ ‘ಸೆಮ್’. ದೊಡ್ಡವರು ಪ್ರಶ್ನೆ ಕೇಳಿದಾಗ ಚಾಸ್ ಹಾಕಿಕೊಳ್ಳುವ ಪೆದ್ದು ಮುಖ ಇದೆಯಲ್ಲ, ಅದು ನಮ್ಮ ಮನೆಗಳಲ್ಲೂ ದಿನಾ ನೋಡುವ ಮುಖವೇ. ‘ನಂಗೇನೂ ಗೊತ್ತಿಲ್ಲಪ್ಪ’ ಅಂತ ಕಣ್ಣು ಅಗಲ ಮಾಡುವಾಗ ಸುಳ್ಳು ಪೂರ್ತಿ ತಯಾರಾಗಿರುತ್ತೆ.

ಹಾಗಂತ ಇದು ಬರೀ ನಗಿಸುವ ಪುಸ್ತಕ ಅಲ್ಲ. ನಕ್ಕು ಪುಟ ತಿರುಗಿಸಿದರೆ ಅಲ್ಲಿ ಸಾವು ಇರುತ್ತೆ. ಮೊದಲ ಅಧ್ಯಾಯದಲ್ಲೇ ತರಕಾರಿ ಅಂಗಡಿಯಲ್ಲಿದ್ದ ಹುಡುಗಿ ಬಾಂಬಿಗೆ ಸಿಕ್ಕಿ ಸತ್ತ ಸುದ್ದಿಯನ್ನು ಚಾಸ್‌ನ ಅಪ್ಪ ತರುತ್ತಾನೆ. ಆ ಸಾವಿನ ವಿವರ ಮೆತ್ತಗಿಲ್ಲ. ನನ್ನ ಪ್ರಕಾರ ಪುಸ್ತಕದ ನಿಜವಾದ ಗುಣ ಇದೇ. ಯುದ್ಧವನ್ನು ಅದು ಆಟದ ಸಾಮಾನು ಮಾಡಲ್ಲ. ಮಕ್ಕಳು ಅದನ್ನು ಆಟದ ಸಾಮಾನು ಮಾಡಿಕೊಂಡಾಗ ಏನಾಗುತ್ತೆ ಅಂತ ತೋರಿಸುತ್ತೆ.

ಬರೆದವರು ಯಾರು? ನಿಜವಾಗಿ ನಡೆದ ಕಥೆನಾ?

ರಾಬರ್ಟ್ ವೆಸ್ಟಾಲ್ ಹುಟ್ಟಿದ್ದು 1929ರಲ್ಲಿ, ಟೈನ್ ನದಿ ಸಮುದ್ರ ಸೇರುವ ಕಡೆ ಇರುವ ನಾರ್ತ್ ಶೀಲ್ಡ್ಸ್ ಊರಿನಲ್ಲಿ. ಯುದ್ಧ ಶುರುವಾದಾಗ ಅವರಿಗೆ ಇನ್ನೂ ಹತ್ತು ತುಂಬುತ್ತಿತ್ತು. ಅಪ್ಪನಿಗೆ ಗ್ಯಾಸ್ ಕಾರ್ಖಾನೆಯಲ್ಲಿ ಕೆಲಸ. ಕಾದಂಬರಿಯ ಚಾಸ್‌ನ ಅಪ್ಪನದೂ ಅದೇ ಕೆಲಸ. ಗಾರ್ಮತ್ ಅನ್ನುವುದು ಕಟ್ಟಿದ ಹೆಸರು, ಆದರೆ ಪಕ್ಕದ ಟೈನ್‌ಮತ್ ಊರು ಗೊತ್ತಿದ್ದವರು ಬೀದಿ ಬೀದಿ ಗುರುತು ಹಿಡಿಯುತ್ತಾರೆ. ಗನ್ನಿನ ಕಥೆ ಕಲ್ಪನೆ. ಬಾಂಬು, ಹೆದರಿಕೆ, ಚೂರು ಹೆಕ್ಕುವ ಹುಚ್ಚು, ಇವೆಲ್ಲ ನಿಜ.

ಎಷ್ಟು ನಿಜ ಅಂದರೆ, 1941ರ ಮೇ 3ರ ರಾತ್ರಿ ನಾರ್ತ್ ಶೀಲ್ಡ್ಸ್‌ನಲ್ಲಿ ಒಂದು ನಿಂಬೆ ಪಾನಕದ ಕಾರ್ಖಾನೆಯ ಮೇಲೆ ಒಂದೇ ಒಂದು ಬಾಂಬ್ ಬಿತ್ತು. ಅದರ ನೆಲಮಾಳಿಗೆಯಲ್ಲಿ ಸುತ್ತಲಿನ ಮನೆಯವರು ಆಶ್ರಯ ಪಡೆದಿದ್ದರು. ಮೇಲಿದ್ದ ಭಾರವಾದ ಯಂತ್ರಗಳೆಲ್ಲ ಕುಸಿದು ಅವರ ಮೇಲೇ ಬಿದ್ದವು. 107 ಜನ ಸತ್ತರು, ಅದರಲ್ಲಿ ತುಂಬಾ ಜನ ಮಕ್ಕಳು. ಈ ಘಟನೆ ಕಾದಂಬರಿಯಲ್ಲಿಲ್ಲ. ಆದರೆ ಲೇಖಕ ಬೆಳೆದ ಊರು ಎಂಥದ್ದಾಗಿತ್ತು ಅಂತ ತಿಳಿಯಲು ಇಷ್ಟು ಸಾಕು.

ಮುಂದೆ ವೆಸ್ಟಾಲ್ ಚೆಷೈರ್‌ನಲ್ಲಿ ಚಿತ್ರಕಲೆಯ ಮೇಷ್ಟ್ರಾದರು. ಮಗ ಕ್ರಿಸ್ಟೋಫರ್‌ಗೆ 12 ವರ್ಷವಾದಾಗ, ಆ ವಯಸ್ಸಿನಲ್ಲಿ ತಾನು ಹೇಗಿದ್ದೆ ಅಂತ ಮಗನಿಗೆ ಹೇಳಬೇಕು ಅನ್ನಿಸಿತು. ಶಾಲೆಯ ನೋಟ್‌ಬುಕ್ಕುಗಳಲ್ಲಿ ಕೈಬರಹದಲ್ಲಿ ಒಂದೊಂದೇ ಅಧ್ಯಾಯ ಬರೆದರು. ಭಾನುವಾರ ಸಂಜೆ ಟೀ ಹೊತ್ತಿಗೆ ಮಗನಿಗೆ ಓದಿ ಹೇಳಿದರು. ಮಗ ಎಲ್ಲಿ ಬೇಜಾರಾಗಿ ಬೇರೆ ಕಡೆ ನೋಡಿದನೋ ಆ ಭಾಗವನ್ನು ಕಿತ್ತುಹಾಕಿದರು. ಪುಸ್ತಕ ಇಷ್ಟು ಚುರುಕಾಗಿ ಓಡುವುದರ ಗುಟ್ಟು ಅಲ್ಲಿದೆ. ವರ್ಣನೆ ಎರಡೇ ಸಾಲು, ತಕ್ಷಣ ಏನೋ ಒಂದು ಆಗುತ್ತೆ. 12ರ ಹುಡುಗನಿಗಿಂತ ಕಟ್ಟುನಿಟ್ಟಾದ ಸಂಪಾದಕ ಸಿಗುವುದು ಕಷ್ಟ ಅಲ್ವಾ?

ಪುಸ್ತಕಕ್ಕೆ 1975ರ ಕಾರ್ನೆಗಿ ಪದಕ ಬಂತು. ಬ್ರಿಟನ್ನಿನ ಮಕ್ಕಳ ಸಾಹಿತ್ಯಕ್ಕೆ ಅದೇ ದೊಡ್ಡ ಗೌರವ. ಮೂರೇ ವರ್ಷಕ್ಕೆ, 1978ರಲ್ಲಿ, ಕ್ರಿಸ್ಟೋಫರ್ ಮೋಟರ್‌ಬೈಕ್ ಅಪಘಾತದಲ್ಲಿ ತೀರಿಕೊಂಡ. ಅವನಿಗೆ 18 ವರ್ಷ. ವೆಸ್ಟಾಲ್ ಬರೆಯುವುದನ್ನು ನಿಲ್ಲಿಸಲಿಲ್ಲ. ‘ದಿ ಸ್ಕೇರ್‌ಕ್ರೋಸ್’ ಕಾದಂಬರಿಗೆ ಮತ್ತೆ ಕಾರ್ನೆಗಿ ಬಂತು. ಆ ಪದಕ ಎರಡು ಸಲ ಪಡೆದ ಕೆಲವೇ ಲೇಖಕರಲ್ಲಿ ಅವರೂ ಒಬ್ಬರು. 1993ರಲ್ಲಿ ತೀರಿಕೊಂಡರು.

ಈ ವಿಷಯವನ್ನು ಮಕ್ಕಳಿಗೆ ಓದುವ ಮುಂಚೆ ಹೇಳಬೇಡಿ. ಮುಗಿದ ಮೇಲೆ ಕೇಳಿದರೆ ಹೇಳಿ.

ಎಷ್ಟು ವಯಸ್ಸಿನ ಮಕ್ಕಳಿಗೆ ಕೊಡಬಹುದು?

ತಾವೇ ಓದಿಕೊಳ್ಳುವುದಾದರೆ 12ರ ಮೇಲೆ. ದೊಡ್ಡವರು ಜೊತೆಗೆ ಕೂತು ಓದುವುದಾದರೆ 10–11ಕ್ಕೂ ಆಗುತ್ತೆ. ‘ನನ್ನ ಮಗಳು ಎಂಟರಲ್ಲೇ ದಪ್ಪ ದಪ್ಪ ಪುಸ್ತಕ ಓದ್ತಾಳೆ’ ಅನ್ನುವವರಿಗೆ ನನ್ನ ಉತ್ತರ: ಓದಲು ಬರುತ್ತೆ, ಸರಿ. ಆದರೆ ಸತ್ತ ಗನ್ನರ್ ಕೂತಿರುವ ದೃಶ್ಯವನ್ನು ರಾತ್ರಿ ಮಲಗುವಾಗ ಒಬ್ಬಳೇ ಏನು ಮಾಡಿಕೊಳ್ತಾಳೆ? ಎರಡು ವರ್ಷ ಕಾಯಿರಿ. ಪುಸ್ತಕ ಎಲ್ಲಿಗೂ ಓಡಿಹೋಗಲ್ಲ.

ಬೈಗುಳ ತುಂಬಾ ಇದೆಯಂತೆ?

ಇದೆ. ಬೀದಿ ಹುಡುಗರು ಬೀದಿ ಮಾತನ್ನೇ ಆಡುತ್ತಾರೆ. ಪುಸ್ತಕ ಬಂದಾಗ ಬ್ರಿಟನ್ನಿನಲ್ಲೇ ಇದಕ್ಕೆ ಗಲಾಟೆ ಆಯಿತು. ಮಕ್ಕಳ ಪುಸ್ತಕದಲ್ಲಿ ಇಂಥ ಮಾತು, ಇಷ್ಟು ಹೊಡೆದಾಟ ಯಾಕೆ ಅಂತ ತುಂಬಾ ಜನ ಆಕ್ಷೇಪ ಎತ್ತಿದರು.

ನಮ್ಮ ಗುಂಪಿನಲ್ಲಿ ಇದು ನಾನು ಅಂದುಕೊಂಡಷ್ಟು ದೊಡ್ಡ ವಿಷಯ ಆಗಲಿಲ್ಲ. ಮೊಬೈಲಿನಲ್ಲಿ ಮಕ್ಕಳು ಕೇಳಿಸಿಕೊಳ್ಳುವುದರ ಮುಂದೆ 1940ರ ಇಂಗ್ಲಿಷ್ ಬೈಗುಳ ಏನೂ ಅಲ್ಲ. ಗಟ್ಟಿಯಾಗಿ ಓದುವಾಗ ಮಾತ್ರ ಅಮ್ಮಂದಿರಿಗೆ ಮುಜುಗರ. ಒಬ್ಬರು ಆ ಪದ ಬಂದಾಗಲೆಲ್ಲ ಕೆಮ್ಮುತ್ತಿದ್ದರಂತೆ. ಮೂರನೇ ಅಧ್ಯಾಯದ ಹೊತ್ತಿಗೆ ಮಗನೇ ಮುಂಚಿತವಾಗಿ ಕೆಮ್ಮಲು ಶುರುಮಾಡಿದ. ಅಲ್ಲಿಂದ ಅವರ ಮನೆಯಲ್ಲಿ ಯಾರಾದರೂ ಕೆಮ್ಮಿದರೆ ಎಲ್ಲರೂ ನಗುತ್ತಾರೆ. ಬೇಕಾದರೆ ನೀವೂ ಕೆಮ್ಮಿ. ಪದ ಹಾರಿಸಿದರೆ ಕಥೆ ಏನೂ ಕೆಡಲ್ಲ.

ಓದಿ ಮುಗಿಸಿ ‘ನಂಗೂ ಗನ್ ಬೇಕು’ ಅಂದರೆ?

ಬೈಗುಳಕ್ಕಿಂತ ಇದು ದೊಡ್ಡ ಪ್ರಶ್ನೆ. ಆದರೂ ಕೇಳುವವರು ಕಡಿಮೆ.

ಮೊದಲ ಅರ್ಧದಲ್ಲಿ ಎಲ್ಲ ಮಕ್ಕಳೂ ಚಾಸ್ ಕಡೆಗೇ ಇರುತ್ತಾರೆ. ಇರಲೇಬೇಕು, ಪುಸ್ತಕ ಹಾಗೇ ಬರೆದಿದೆ. ಗನ್ ಸಿಕ್ಕಿದಾಗ ಚಪ್ಪಾಳೆ, ಪೊಲೀಸರಿಗೆ ಚಳ್ಳೆಹಣ್ಣು ತಿನ್ನಿಸಿದಾಗ ಕೇಕೆ. ಆಗ ನೀವು ಮಧ್ಯೆ ಬಾಯಿ ಹಾಕಿ ಬುದ್ಧಿ ಹೇಳಿದರೆ ಮುಗೀತು, ಪುಸ್ತಕ ಅಲ್ಲಿಗೇ ಮುಚ್ಚಿಹೋಗುತ್ತೆ. ಸುಮ್ನೆ ಓದುತ್ತಾ ಹೋಗಿ. ಗನ್ ಮೊದಲ ಸಲ ಹಾರಿದಾಗ ಏನಾಗುತ್ತೆ ನೋಡಿ. ಅದನ್ನು ಹಿಡಿದುಕೊಳ್ಳಲೂ ಈ ಹುಡುಗರಿಗೆ ಆಗಲ್ಲ. ಗುಂಡು ಎಲ್ಲಿಗೆ ಹೋಗುತ್ತೆ ಅಂತ ಹಾರಿಸಿದವನಿಗೇ ಗೊತ್ತಿರಲ್ಲ. ಅಲ್ಲಿಂದ ಚಪ್ಪಾಳೆ ತಾನಾಗಿ ಕಡಿಮೆಯಾಗುತ್ತೆ.

ನಮ್ಮಲ್ಲಿ ಒಬ್ಬ ಹುಡುಗ, ಆರನೇ ಕ್ಲಾಸು, ಗನ್ನಿನ ಚಿತ್ರ ಬರೆದು ತಂದಿದ್ದ. ನಳಿಗೆ, ಟ್ರಿಗರ್, ಗುಂಡು ತುಂಬುವ ಡಬ್ಬಿ, ಎಲ್ಲಕ್ಕೂ ಬಾಣದ ಗುರುತು ಹಾಕಿ ಹೆಸರು ಬರೆದಿದ್ದ. ಎಲ್ಲರೂ ಮುತ್ತಿಕೊಂಡು ನೋಡಿದರು. ಪುಸ್ತಕ ಮುಗಿದ ವಾರ ಅದೇ ಹುಡುಗ ಕೇಳಿದ್ದು: ‘ಆಂಟಿ, ಪೊಲೀಸ್ ಬಂದು ಕೇಳಿದಾಗಲೇ ಕೊಟ್ಟುಬಿಟ್ಟಿದ್ರೆ?’ ಪಕ್ಕದಲ್ಲಿದ್ದವಳು, ‘ಕೊಟ್ಟಿದ್ರೆ ಕಥೆ ಎಲ್ಲಿರ್ತಿತ್ತೋ’ ಅಂದಳು. ಆಮೇಲೆ ಅರ್ಧ ಗಂಟೆ ಜಗಳ. ನಾನು ಏನೂ ಹೇಳಲಿಲ್ಲ, ಹೇಳುವ ಅಗತ್ಯವೂ ಬೀಳಲಿಲ್ಲ.

ಹುಡುಗಿಯರಿಗೆ ಹಿಡಿಸುತ್ತಾ?

ಕಥೆಯ ಗುಂಪಿನಲ್ಲಿ ಆಡ್ರಿ ಒಬ್ಬಳೇ ಹುಡುಗಿ. ಗಟ್ಟಿಗಿತ್ತಿ. ಆದರೂ ಹುಡುಗರು ಅವಳನ್ನು ಅಡುಗೆ, ಚೊಕ್ಕಟದ ಕೆಲಸಕ್ಕೆ ತಳ್ಳಲು ನೋಡುತ್ತಾರೆ. ನಮ್ಮ ಗುಂಪಿನ ಹುಡುಗಿಯರಿಗೆ ಇದು ಸಿಟ್ಟು ತಂದಿತು. ಸಿಟ್ಟು ಬಂದರೂ ಪುಸ್ತಕ ಬಿಡಲಿಲ್ಲ. 1975ರ ಪುಸ್ತಕ, 1940ರ ಕಥೆ. ಆ ಕೊರತೆಯನ್ನು ಮುಚ್ಚಿಡಬೇಕಿಲ್ಲ.

ಜರ್ಮನ್ ಸೈನಿಕನನ್ನು ಒಳ್ಳೆಯವನ ಹಾಗೆ ತೋರಿಸಿದ್ದಾರಲ್ಲ, ಸರಿನಾ?

ರೂಡಿ ಬರುವವರೆಗೆ ಮಕ್ಕಳಿಗೆ ಶತ್ರು ಅಂದರೆ ಆಕಾಶದಲ್ಲಿ ಗುಯ್‌ಗುಡುವ ಸದ್ದು ಅಷ್ಟೇ. ರೂಡಿ ಬಂದ ಮೇಲೆ ಶತ್ರುವಿಗೆ ಚಳಿ ಆಗುತ್ತೆ, ಹಸಿವಾಗುತ್ತೆ, ಜ್ವರ ಬರುತ್ತೆ. ಮಕ್ಕಳು ಮೊದಲು ಅವನನ್ನು ಕೈದಿ ಮಾಡುತ್ತಾರೆ. ಕೈದಿಯನ್ನು ಇಟ್ಟುಕೊಂಡರೆ ಊಟ ಹಾಕಬೇಕಲ್ಲ! ರೇಷನ್ ಕಾಲದಲ್ಲಿ ಮನೆಯಿಂದ ಊಟ ಕದಿಯುವುದು ಹೇಗೆ ಅನ್ನುವುದೇ ದೊಡ್ಡ ತಲೆನೋವು. ಬೇಕನ್, ಬೆಣ್ಣೆ, ಸಕ್ಕರೆಗೆ 1940ರ ಜನವರಿಯಿಂದಲೇ ಅಳತೆ ಬಿದ್ದಿತ್ತು. ಒಂದು ತುಂಡು ಕಡಿಮೆಯಾದರೂ ಅಮ್ಮನಿಗೆ ಗೊತ್ತಾಗುತ್ತಿತ್ತು.

ಬರಬರುತ್ತಾ ಕೈದಿ ಯಾರು, ಕಾವಲುಗಾರ ಯಾರು ಅನ್ನುವುದು ಕಲಸಿಹೋಗುತ್ತದೆ. ಗನ್ ಕೆಟ್ಟಾಗ ರಿಪೇರಿ ಮಾಡಲು ಬರುವುದೂ ಅವನೊಬ್ಬನಿಗೇ. ಮಾಡಿಕೊಡಬೇಕೋ ಬೇಡವೋ? ಅವನ ದೇಶದ ವಿಮಾನಕ್ಕೇ ಗುರಿಯಿಡುವ ಗನ್ ಅದು. ಈ ಭಾಗ ಓದುವಾಗ ನಾನೂ ಮಕ್ಕಳ ಜೊತೆ ಬೆಟ್ ಕಟ್ಟಿದ್ದೆ.

ನಾಜಿಗಳು ಮಾಡಿದ್ದನ್ನು ಈ ಪುಸ್ತಕ ಮನ್ನಿಸುವುದಿಲ್ಲ. ಆದರೆ ಯಹೂದಿಗಳ ಮೇಲೆ ನಡೆದ ಹತ್ಯಾಕಾಂಡದ ಬಗ್ಗೆ ತಿಳಿಯಲು ಇದು ಸಾಲದು. ಅದಕ್ಕೆ ಬೇರೆ ಪುಸ್ತಕ ಬೇಕು, ಬೇರೆ ದಿನ ಬೇಕು.

ಅಪ್ಪ-ಅಮ್ಮಂದಿರನ್ನು ದಡ್ಡರ ಹಾಗೆ ತೋರಿಸಿದೆ ಅಂತಾರೆ.

ಮೇಲ್ನೋಟಕ್ಕೆ ಹಾಗೆ ಕಾಣುತ್ತೆ. ಮಕ್ಕಳ ಸಾಹಸದ ಕಥೆಗಳಲ್ಲಿ ದೊಡ್ಡವರನ್ನು ಹೇಗಾದರೂ ಆಚೆ ಕಳಿಸಲೇಬೇಕು. ಇಲ್ಲದಿದ್ದರೆ ಎರಡನೇ ಅಧ್ಯಾಯಕ್ಕೇ ಕಿವಿ ಹಿಂಡಿ ಮನೆಗೆ ಕರೆದುಕೊಂಡು ಹೋಗುತ್ತಾರೆ. ಎಷ್ಟೋ ಲೇಖಕರು ಅಪ್ಪ-ಅಮ್ಮನನ್ನು ವಿದೇಶಕ್ಕೆ ಕಳಿಸುತ್ತಾರೆ, ಇಲ್ಲವೇ ಸಾಯಿಸುತ್ತಾರೆ. ವೆಸ್ಟಾಲ್ ಹಾಗೆ ಮಾಡಲಿಲ್ಲ. ಚಾಸ್‌ನ ಅಪ್ಪ-ಅಮ್ಮ ಮನೆಯಲ್ಲೇ ಇದ್ದಾರೆ. ಆದರೆ ಸುಸ್ತಾಗಿದ್ದಾರೆ. ಅಪ್ಪನಿಗೆ ಹಗಲು ಕಾರ್ಖಾನೆ, ರಾತ್ರಿ ವೈಮಾನಿಕ ದಾಳಿಯ ಕಾವಲು. ಅಮ್ಮನಿಗೆ ರೇಷನ್ ಕ್ಯೂ, ತಣ್ಣನೆಯ ಶೆಲ್ಟರ್, ನಿದ್ದೆಗೆಟ್ಟ ರಾತ್ರಿ. ಮಗ ಏನು ಮಾಡುತ್ತಿದ್ದಾನೆ ಅಂತ ಕೇಳುವಷ್ಟರಲ್ಲಿ ಸೈರನ್ ಆಗುತ್ತೆ.

ಚಾಸ್‌ಗೆ ಅಪ್ಪ ಅಂದರೆ ಪ್ರಾಣ. ಅಪ್ಪ ಇದ್ದರೆ ಏನೂ ಆಗಲ್ಲ ಅಂದುಕೊಂಡಿದ್ದವನಿಗೆ, ಬಾಂಬ್ ಬೀಳುವಾಗ ಅಪ್ಪನ ಕೈಲೂ ಏನೂ ಆಗಲ್ಲ ಅಂತ ಹೊಳೆಯುತ್ತೆ. ಕೋಟೆ ಯಾಕೆ ಬೇಕಾಯಿತು ಅನ್ನುವುದಕ್ಕೆ ಉತ್ತರ ಅಲ್ಲಿದೆ. ಈ ಪುಸ್ತಕ ಓದಿದ ಅಪ್ಪಂದಿರು ಬೈಗುಳದ ಬಗ್ಗೆ ಕೇಳಲ್ಲ, ಈ ಭಾಗದ ಬಗ್ಗೆ ಮಾತಾಡುತ್ತಾರೆ.

ಗುಂಪಿನ ನಿಕಿಯ ಮನೆಯ ಕಥೆ ಇನ್ನೂ ಕಷ್ಟದ್ದು. ಬಾಂಬಿಗೆ ಅವನ ಮನೆ ಹೋಗುತ್ತೆ, ಅಮ್ಮನೂ ಹೋಗುತ್ತಾಳೆ. ಅವನೂ ಸತ್ತ ಅಂತ ಊರು ನಂಬುತ್ತೆ. ಹುಡುಗರು ಅವನನ್ನು ಕೋಟೆಯಲ್ಲಿ ಬಚ್ಚಿಟ್ಟುಕೊಳ್ಳುತ್ತಾರೆ. ಗ್ಲಾಸ್ಗೋದ ಕ್ಲಾಗರ್ ಅನ್ನುವವನು, ತಾನು ಊರಿಗೆ ವಾಪಸ್ ಹೋದೆ ಅಂತ ನಂಬಿಸಿ, ಅವನ ಜೊತೆ ಇರಲು ಕೋಟೆಗೇ ಬಂದುಬಿಡುತ್ತಾನೆ. ಇದನ್ನು ಓದುವ ದಿನ ಮಕ್ಕಳ ಪಕ್ಕ ಇರಿ. ಇತ್ತೀಚೆಗೆ ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದರೆ ಪುಸ್ತಕವನ್ನೇ ಮುಂದಕ್ಕೆ ಹಾಕಿ.

ಶುರುಮಾಡುವ ಮುಂಚೆ ಎಷ್ಟು ಇತಿಹಾಸ ಹೇಳಬೇಕು?

ಐದು ನಿಮಿಷದ್ದು ಸಾಕು. ಜರ್ಮನಿ ಫ್ರಾನ್ಸನ್ನು ಸೋಲಿಸಿದ್ದು 1940ರ ಜೂನ್. ಮುಂದಿನ ಸರದಿ ಬ್ರಿಟನ್ ಅಂತ ಎಲ್ಲರಿಗೂ ಭಯ. ಸೆಪ್ಟೆಂಬರ್ 7ರಿಂದ ಲಂಡನ್ ಮೇಲೆ, ಆಮೇಲೆ ಬೇರೆ ಬೇರೆ ಊರುಗಳ ಮೇಲೆ, ಮುಂದಿನ ಮೇ ತನಕ ಬಾಂಬ್ ದಾಳಿ. ಹಡಗುಕಟ್ಟೆ, ಕಾರ್ಖಾನೆ ಇದ್ದದ್ದರಿಂದ ಟೈನ್ ನದಿಯ ಬಾಯಿಯೂ ಗುರಿಯಾಗಿತ್ತು.

ಕಥೆಯಲ್ಲಿ ಆಂಡರ್ಸನ್ ಶೆಲ್ಟರ್ ಅಂತ ಪದೇ ಪದೇ ಬರುತ್ತೆ. ಹಿತ್ತಲಿನಲ್ಲಿ ಗುಂಡಿ ತೋಡಿ, ಬಾಗಿಸಿದ ಸುಕ್ಕು ತಗಡು ನಿಲ್ಲಿಸಿ, ಮೇಲೆ ಮಣ್ಣು ಮುಚ್ಚಿದ ಗೂಡು. ಸರ್ಕಾರವೇ ಕೊಡುತ್ತಿತ್ತು, ಬಡವರಿಗೆ ಪುಕ್ಕಟೆ. ಕೆಲವರು ಆ ಮಣ್ಣಿನ ಮೇಲೇ ತರಕಾರಿ ಬೆಳೆದರು. ಒಳಗೆ ಮಾತ್ರ ನೀರು ಜಿನುಗುತ್ತಿತ್ತು, ಕೊರೆಯುವ ಚಳಿ. ಮಕ್ಕಳಿಗೆ ಇದರ ಒಂದು ಫೋಟೋ ತೋರಿಸಿದರೆ ಕೋಟೆ ಕಟ್ಟುವ ಭಾಗ ಕಣ್ಣಿಗೆ ಕಟ್ಟುತ್ತೆ.

ಇನ್ನೊಂದು, ಚರ್ಚಿನ ಗಂಟೆ. 1940ರ ಜೂನ್‌ನಿಂದ ಬ್ರಿಟನ್ನಿನಲ್ಲಿ ಚರ್ಚುಗಳ ಗಂಟೆ ಬಾರಿಸುವುದನ್ನೇ ನಿಲ್ಲಿಸಿದ್ದರು. ಶತ್ರು ನೆಲಕ್ಕಿಳಿದರೆ ಮಾತ್ರ ಬಾರಿಸಬೇಕು ಅಂತ ನಿಯಮ. ಇದು ಗೊತ್ತಿಲ್ಲದೆ ಓದಿದರೆ ಕೊನೆಯ ಭಾಗದ ಗಡಿಬಿಡಿ ಯಾಕೆ ಅಂತಲೇ ತಿಳಿಯಲ್ಲ. ಹಾಗೆಯೇ, ಫ್ರಾನ್ಸ್ ಬಿದ್ದ ಮೇಲೆ ಪೋಲೆಂಡಿನ ಸಾವಿರಾರು ಸೈನಿಕರು ಬ್ರಿಟನ್ನಿಗೆ ಬಂದಿದ್ದರು. ಬೇರೆ ಭಾಷೆ, ಬೇರೆ ಸಮವಸ್ತ್ರ. ಹೆದರಿದ ಹುಡುಗರ ಕಣ್ಣಿಗೆ ಅವರು ಹೇಗೆ ಕಂಡಾರು? ಇಷ್ಟು ಹೇಳಿ ನಿಲ್ಲಿಸುತ್ತೇನೆ.

ಅಜ್ಜ-ಅಜ್ಜಿಯರ ಜೊತೆ ಓದಬಹುದಾ?

ಓದಿ. ನಮ್ಮ ಗುಂಪಿನಲ್ಲಿ ನಾನು ಎದುರು ನೋಡದೇ ಇದ್ದದ್ದು ಇದೇ.

ಒಬ್ಬ ಹುಡುಗಿಯ ಅಜ್ಜಿ ಮದುವೆಯಾಗಿ ಮುಂಬೈಗೆ ಹೋದವರು, ಮಾಟುಂಗಾದಲ್ಲಿ ತುಂಬಾ ವರ್ಷ ಇದ್ದರು. ಮೊಮ್ಮಗಳು ಓದುವಾಗ ‘ಬ್ಲ್ಯಾಕ್‌ಔಟ್’ ಅನ್ನುವ ಪದ ಬಂದದ್ದೇ ತಡ, ಅಜ್ಜಿ ಅಡುಗೆಮನೆಯಿಂದ ಆಚೆ ಬಂದರು.

‘ಅದು ನಂಗೂ ಗೊತ್ತು ಕಣೇ. 71ರಲ್ಲಿ ನಾವೂ ಕಿಟಕಿಗೆಲ್ಲ ಕಂದು ಕಾಗದ ಅಂಟಿಸಿದ್ವಿ.’

‘ಅಜ್ಜೀ, ನೀನು ಯುದ್ಧ ನೋಡಿದೀಯಾ?’

‘ಯುದ್ಧ ಎಲ್ಲಿ ನೋಡೋದು, ದೀಪ ಹಚ್ಚಂಗಿಲ್ಲ. ಸೈರನ್ ಆದ್ರೆ ನಿಮ್ಮಪ್ಪನ್ನ ಮಡಿಲಲ್ಲಿ ಹಾಕ್ಕೊಂಡು ಕತ್ತಲಲ್ಲಿ ಕೂರೋದು. ಅನ್ನ ಸೀದು ಹೋದ ವಾಸ್ನೆ ಬಂದ್ರೂ ಏಳಂಗಿರ್ಲಿಲ್ಲ.’

1971ರ ಡಿಸೆಂಬರಿನ ಭಾರತ–ಪಾಕಿಸ್ತಾನ ಯುದ್ಧದಲ್ಲಿ ಮುಂಬೈಯಲ್ಲಿ ರಾತ್ರಿ ದೀಪ ಆರಿಸುತ್ತಿದ್ದರು, ಕಾರಿನ ಹೆಡ್‌ಲೈಟಿಗೆ ಅರ್ಧ ಕಪ್ಪು ಬಳಿಯುತ್ತಿದ್ದರು. ನಿಮ್ಮ ಮನೆಯ ಹಿರಿಯರು ಆಗ ಮುಂಬೈ, ದೆಹಲಿ ಕಡೆ ಇದ್ದಿದ್ದರೆ, ಇಲ್ಲವೇ ಮನೆಯಲ್ಲಿ ಸೈನ್ಯದಲ್ಲಿದ್ದವರು ಯಾರಾದರೂ ಇದ್ದರೆ, ಕೇಳಿ ನೋಡಿ. ಆ ಹುಡುಗಿ ಆ ದಿನ ಮುಂದೆ ಓದಲೇ ಇಲ್ಲ. ಅಜ್ಜಿಯ ಕಥೆಯೇ ನಡೆಯಿತು.

ನಮ್ಮ ಕಡೆಗೂ ಕಾದಂಬರಿಯ ಎರಡನೇ ಮಹಾಯುದ್ಧಕ್ಕೂ ಏನಾದರೂ ಸಂಬಂಧ ಇತ್ತಾ?

ಇತ್ತು. ಯುದ್ಧ ಮುಗಿಯುವ ಹೊತ್ತಿಗೆ ಭಾರತೀಯ ಸೇನೆಯಲ್ಲಿ ಸುಮಾರು 25 ಲಕ್ಷ ಜನ ಇದ್ದರು. ಬೆಂಗಳೂರಿನ ವಿಮಾನ ಕಾರ್ಖಾನೆ, ಇವತ್ತಿನ ಎಚ್‌ಎಎಲ್, ಶುರುವಾದದ್ದೇ 1940ರ ಡಿಸೆಂಬರಿನಲ್ಲಿ. ಅಂದರೆ ಚಾಸ್ ಗಾರ್ಮತ್‌ನಲ್ಲಿ ಗನ್ ಬಚ್ಚಿಡುತ್ತಿದ್ದ ಅದೇ ಚಳಿಗಾಲ. ಆಫ್ರಿಕಾದಲ್ಲಿ ಸೆರೆಸಿಕ್ಕ ಇಟಲಿಯ ಸಾವಿರಾರು ಸೈನಿಕರನ್ನು ಬೆಂಗಳೂರಿನ ಸುತ್ತಲಿನ ಶಿಬಿರಗಳಲ್ಲಿ ಇಟ್ಟಿದ್ದರು. ಶತ್ರು ಸೈನಿಕನನ್ನು ಹತ್ತಿರದಿಂದ ನೋಡುವುದು ಅಂದರೆ ಏನು ಅಂತ ಮಕ್ಕಳಿಗೆ ಹೇಳುವಾಗ ಜಾಲಹಳ್ಳಿಯ ಹೆಸರು ಎತ್ತಿದರೆ ಕಣ್ಣರಳಿಸುತ್ತಾರೆ.

ಇಂಗ್ಲಿಷ್ ಕಷ್ಟ ಆಗುತ್ತಾ?

ಮೊದಲ ಮೂವತ್ತು ಪುಟ ಸ್ವಲ್ಪ ಒದ್ದಾಟ. ಟೈನ್ ನದಿ ಕಡೆಯ ಆಡುಮಾತು, ಕ್ಲಾಗರ್‌ನ ಗ್ಲಾಸ್ಗೋ ಮಾತು ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಕಲಿಸಿದ ಇಂಗ್ಲಿಷ್ ಅಲ್ಲ. ಕಣ್ಣಲ್ಲಿ ಓದಿದರೆ ಅರ್ಥವಾಗದ ಸಾಲು ಗಟ್ಟಿಯಾಗಿ ಓದಿದರೆ ಎಷ್ಟೋ ಸಲ ತಿಳಿದುಬಿಡುತ್ತೆ. ಅರ್ಥ ಹುಡುಕಲು ಪ್ರತಿ ಸಾಲಿಗೂ ನಿಲ್ಲಬೇಡಿ.

ಕನ್ನಡದಲ್ಲೇ ಕಥೆ ಹೇಳುತ್ತಾ ಹೋಗುವ ಮನೆಗಳೂ ಇವೆ. ಒಂದು ಪುಟ ಇಂಗ್ಲಿಷಿನಲ್ಲಿ ಓದಿ, ಮುಂದಿನ ಪುಟ ತಮ್ಮ ಮಾತಿನಲ್ಲಿ ಹೇಳುವುದು. ಹೀಗೆ ಮಾಡಿದ ಒಬ್ಬ ಅಪ್ಪ, ಹುಬ್ಬಳ್ಳಿ ಕಡೆಯವರು, ಹುಡುಗರ ಜಗಳವನ್ನೆಲ್ಲ ತಮ್ಮೂರ ಮಾತಿನಲ್ಲೇ ಹೇಳಿದರಂತೆ. ‘ಏ ಸೆಮ್ಯಾ, ಸುಮ್ಕಿರಲೇ, ಪೊಲೀಸ್ ಬಂದಾನ!’ ಮಗಳು ಬಿದ್ದು ಬಿದ್ದು ನಕ್ಕಳು. ಮೂಲಕ್ಕೆ ಇದಕ್ಕಿಂತ ಹತ್ತಿರ ಹೋಗುವುದು ಕಷ್ಟ ಅಂತ ನನಗನ್ನಿಸಿತು. ಇದು ಓದಿ ಹೇಳಲೆಂದೇ ಬರೆದ ಕಥೆ ತಾನೇ.

ಕೊನೆ ದುಃಖದ್ದಾ?

ಖುಷಿಯದ್ದಂತೂ ಅಲ್ಲ. ಕೋಟೆ ಇದೆ, ಗನ್ ಇದೆ, ಗಂಟೆ ಬಾರಿಸುತ್ತೆ. ಗುಂಡು ಯಾರಿಗೆ ತಾಗಬಾರದೋ ಅವರಿಗೇ ತಾಗುತ್ತೆ. ದೊಡ್ಡವರು ಬಂದು ಎಲ್ಲವನ್ನೂ ವಶಕ್ಕೆ ತೆಗೆದುಕೊಳ್ಳುತ್ತಾರೆ. ಮಕ್ಕಳಿಗೆ ಇದು ಅನ್ಯಾಯ ಅನ್ನಿಸುತ್ತೆ. ನಮ್ಮ ಗುಂಪಿನಲ್ಲಿ ಇಬ್ಬರು ಪುಸ್ತಕ ಮುಚ್ಚಿಟ್ಟು ‘ಇದೇನು ಎಂಡಿಂಗು?’ ಅಂತ ರೇಗಿದರು. ಬೇರೆ ಕೊನೆ ಬರೆದುಕೊಂಡು ಬನ್ನಿ ಅಂದೆ. ಒಬ್ಬಳು ಬರೆದಳು. ಅವಳ ಕಥೆಯಲ್ಲಿ ರೂಡಿ ದೋಣಿ ಹತ್ತಿ ನಾರ್ವೆಗೆ ಹೋಗಿ ಮೀನಿನ ಅಂಗಡಿ ಇಡುತ್ತಾನೆ.

ಸಿನಿಮಾ ಅಥವಾ ಸೀರಿಯಲ್ ಇದೆಯಾ?

1983ರಲ್ಲಿ ಬಿಬಿಸಿ ಮಕ್ಕಳಿಗಾಗಿ ಧಾರಾವಾಹಿ ಮಾಡಿತ್ತು. ಮೊದಲು ಪುಸ್ತಕ ಓದಿ.

ನಾವು ಇಂಗ್ಲೆಂಡಿನಲ್ಲಿದ್ದೇವೆ. ಮಕ್ಕಳಿಗೆ ಶಾಲೆಯಲ್ಲೇ ಇದೆಲ್ಲ ಬರುತ್ತಲ್ಲ?

ಬರುತ್ತೆ. ಅಲ್ಲಿನ ಪ್ರೈಮರಿ ಶಾಲೆಗಳಲ್ಲಿ ಎರಡನೇ ಮಹಾಯುದ್ಧ ತುಂಬಾ ಕಡೆ ಪಾಠವಾಗುತ್ತೆ. ಗ್ಯಾಸ್ ಮಾಸ್ಕ್ ಪೆಟ್ಟಿಗೆ ಮಾಡುವುದು, ಊರು ಬಿಟ್ಟು ಕಳಿಸಿದ ಮಕ್ಕಳ ಹಾಗೆ ವೇಷ ಹಾಕುವುದು, ಎಲ್ಲ ಇರುತ್ತೆ. ಆದರೆ ಪಾಠದಲ್ಲಿ ಮಕ್ಕಳು ಯಾವಾಗಲೂ ಒಳ್ಳೆಯವರು, ಪಾಪದವರು. ಈ ಪುಸ್ತಕದ ಮಕ್ಕಳು ಕಳ್ಳರು, ಸುಳ್ಳರು, ಧೈರ್ಯಶಾಲಿಗಳು. ಅದಕ್ಕೇ ಅಲ್ಲಿ ಓದುವ ಕನ್ನಡದ ಮಕ್ಕಳಿಗೂ ಇದು ಪಾಠದ ಮುಂದುವರಿಕೆ ಅನ್ನಿಸಲ್ಲ. ನ್ಯೂಕಾಸಲ್ ಕಡೆ ಸೆವೆನ್ ಸ್ಟೋರೀಸ್ ಅನ್ನುವ ಮಕ್ಕಳ ಪುಸ್ತಕಗಳ ಸಂಸ್ಥೆ ಇದೆ. ವೆಸ್ಟಾಲ್ ಅವರ ಹಸ್ತಪ್ರತಿ, ಕಾಗದಪತ್ರಗಳನ್ನು ಕಾಪಾಡಿರುವುದು ಆ ಸಂಸ್ಥೆಯೇ. ನ್ಯೂಕಾಸಲ್‌ನಿಂದ ಟೈನ್‌ಮತ್ ಕಡಲತೀರಕ್ಕೆ ಮೆಟ್ರೊ ರೈಲು ಸಿಗುತ್ತೆ.

ಇದು ಮುಗಿದ ಮೇಲೆ ಏನು ಓದಬೇಕು?

ಚಾಸ್ ಮತ್ತೆ ಬರುವ ‘ಫ್ಯಾದಮ್ ಫೈವ್’ 1979ರಲ್ಲಿ ಬಂತು. ಅದೇ ಊರು, ಹುಡುಗರು ಸ್ವಲ್ಪ ದೊಡ್ಡವರಾಗಿದ್ದಾರೆ, ಈ ಸಲ ಗೂಢಚಾರನ ಬೇಟೆ. ಮೊದಲನೆಯದರಷ್ಟು ನಗು ಇಲ್ಲ. ನನಗೆ ಕೇಳಿದರೆ ಒಂದೆರಡು ವರ್ಷ ಬಿಟ್ಟು ಕೊಡಿ. ಅಷ್ಟರಲ್ಲಿ ಏನಾದರೂ ಬೇಕೇ ಬೇಕು ಅಂತ ಹಟ ಹಿಡಿದರೆ ಪುಸ್ತಕ ಹುಡುಕಬೇಡಿ, ಮನೆಯ ಹಿರಿಯರಿಗೆ ಒಂದು ಫೋನ್ ಮಾಡಿಸಿ.